ಮೊದಲು ಅಂಗಳ ಅಳೆಯಿರಿ, ಆಮೇಲೆ ಜಾದೂಗಾರರಿಗೆ ಫೋನ್ ಮಾಡಿ

ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಶಾಲಾ ಹಬ್ಬದ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲಾ ಹಬ್ಬಕ್ಕೆ ಹೊರಗಿನಿಂದ ಒಂದು ಮನರಂಜನೆ ಕರೆಸೋಣ ಎಂದು ಸಮಿತಿ ಕೂತರೆ ಮೊದಲು ಏಳುವ ಪ್ರಶ್ನೆ ‘ಯಾರನ್ನು?’ ಎಂಬುದು. ಯಾರೋ ಒಬ್ಬರು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ, ಎಲ್ಲರೂ ನಗುತ್ತಾರೆ, ಅಲ್ಲೇ ದಿನಾಂಕವೂ ಗೊತ್ತಾಗುತ್ತದೆ. ವೇದಿಕೆ ಎಷ್ಟು ಎತ್ತರ, ಮಕ್ಕಳು ಎಲ್ಲಿ ಕೂರುತ್ತಾರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬುದೆಲ್ಲ ಹಬ್ಬದ ಹಿಂದಿನ ಸಂಜೆಯ ಮಾತು. ವೇದಿಕೆ ಕಟ್ಟುವ, ಮೈಕು ಜೋಡಿಸುವ, ದೀಪ ಹಾಕುವ ನಮ್ಮ ಕೋರಿಕೆ ಒಂದೇ: ಈ ಕ್ರಮವನ್ನು ತಿರುವಿ ಹಾಕಿ. ಜಾಗ, ಹೊತ್ತು, ಮಕ್ಕಳ ವಯಸ್ಸು ಈ ಮೂರನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಅದನ್ನು ಬರೆದ ಮೇಲೆ ಪಟ್ಟಿಯಲ್ಲಿದ್ದ ಅರ್ಧ ಕಾರ್ಯಕ್ರಮಗಳು ತಾವಾಗಿಯೇ ಉದುರುತ್ತವೆ.

ಲೆಕ್ಕ ಹೀಗಿದೆ. ಐನೂರು ಮಕ್ಕಳು ನೆಲದ ಮೇಲೆ ಕೂರುತ್ತಾರೆ ಎಂದುಕೊಳ್ಳಿ. ಒಬ್ಬರಿಗೆ 60 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದ ಬೇಕು. ಸಾಲಿಗೆ 25 ಮಕ್ಕಳಾದರೆ 20 ಸಾಲು, ಅಂದರೆ 16 ಮೀಟರ್. ವೇದಿಕೆಯ ಮುಂದೆ 3 ಮೀಟರ್ ಖಾಲಿ ಬಿಟ್ಟರೆ ಕೊನೆಯ ಸಾಲು 19 ಮೀಟರ್ ದೂರಕ್ಕೆ ಹೋಯಿತು. ನೆಲದ ಮೇಲೆ ಕೂತ ಪ್ರಾಥಮಿಕ ಶಾಲೆಯ ಮಗುವಿನ ಕಣ್ಣು ನೆಲದಿಂದ ಸುಮಾರು 65 ಸೆಂಟಿಮೀಟರ್ ಮೇಲಿರುತ್ತದೆ. ಮುಂದಿನವರ ನೆತ್ತಿ ಅದಕ್ಕಿಂತ 12 ಸೆಂಟಿಮೀಟರ್ ಎತ್ತರ. ಒಬ್ಬರ ಬೆನ್ನಿಗೆ ಒಬ್ಬರು ನೇರವಾಗಿ ಕೂತರೆ, ಮುಂದಿನ ತಲೆಯ ಮೇಲಿಂದ ಹಾಯುವ ನೋಟ ಪ್ರತಿ ಮೀಟರಿಗೆ 15 ಸೆಂಟಿಮೀಟರ್ ಮೇಲೇರುತ್ತ ಹೋಗುತ್ತದೆ. 19 ಮೀಟರ್ ದಾಟಿ ವೇದಿಕೆ ಮುಟ್ಟುವಾಗ ಅದು ಮೂರೂವರೆ ಮೀಟರ್ ಎತ್ತರದಲ್ಲಿರುತ್ತದೆ. ವೇದಿಕೆ 90 ಸೆಂಟಿಮೀಟರ್ ಇದ್ದರೂ ಕಲಾವಿದರ ತಲೆಗಿಂತ ಮುಕ್ಕಾಲು ಮೀಟರಿಗೂ ಹೆಚ್ಚು ಮೇಲೆ! ಕೊನೆಯ ಸಾಲಿಗೆ ಕಾಣುವುದು ಹಿಂಬದಿಯ ಬ್ಯಾನರ್ ಮಾತ್ರ. ಹಿಂದಿನ ಮಕ್ಕಳು ಮಂಡಿಯೂರುತ್ತಾರೆ, ಆಮೇಲೆ ನಿಲ್ಲುತ್ತಾರೆ, ಆಮೇಲೆ ಶಿಕ್ಷಕರು ಬೆತ್ತವಿಲ್ಲದ ಕೈ ಬೀಸುತ್ತ ಓಡಾಡುತ್ತಾರೆ. ಶಿಸ್ತಿಲ್ಲದ ಮಕ್ಕಳು ಎಂದು ಬೈಸಿಕೊಳ್ಳುವವರಲ್ಲಿ ಹೆಚ್ಚಿನವರು ಕಾಣದೆ ಕೂತವರು.

ಸಾಲು ಬಿಟ್ಟು ಸಾಲನ್ನು ಅರ್ಧ ಜಾಗ ಪಕ್ಕಕ್ಕೆ ಸರಿಸಿ, ಪ್ರತಿ ಮಗು ಮುಂದಿನ ಇಬ್ಬರ ನಡುವೆ ನೋಡುವಂತೆ ಕೂರಿಸಿದರೆ ಆ ಏರಿಕೆ ಅರ್ಧಕ್ಕಿಳಿಯುತ್ತದೆ. ಆಗ ಅದೇ ಕೊನೆಯ ಸಾಲಿಗೆ ಕಲಾವಿದರ ಎದೆಯಿಂದ ಮೇಲೆ ಕಾಣುತ್ತದೆ. ಹತ್ತು ಮೀಟರಿನಲ್ಲಿ ಕೂತವರಿಗೆ ಮಂಡಿಯಿಂದ ಮೇಲೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಚುಕ್ಕೆ ಇಟ್ಟರೆ ಸಾಕು, ಅರ್ಧ ಗಂಟೆಯ ಕೆಲಸ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ, ಕೊನೆಯ ಐದಾರು ಸಾಲಿಗೆ ಬೆಂಚು. ಗಾಲಿಕುರ್ಚಿಯ ಮಕ್ಕಳನ್ನು ದಾರಿಗೆ ಅಡ್ಡವೆಂದು ಹಿಂದಕ್ಕೆ ತಳ್ಳಬೇಡಿ; ಮುಂದಿನ ಸಾಲಿನ ಅಂಚಿನಲ್ಲಿ ಗೆಳೆಯರ ಜೊತೆಗೇ ಜಾಗ ಗುರುತಿಸಿ.

ಈಗ ಕಾರ್ಯಕ್ರಮದ ಆಯ್ಕೆ. ಇಸ್ಪೀಟಿನ ಎಲೆ ಸುಮಾರು 9 ಸೆಂಟಿಮೀಟರ್ ಉದ್ದ. ಅದು 19 ಮೀಟರ್ ದೂರದಿಂದ ಕಾಣುವುದು, ಕೈಯಳತೆಯಲ್ಲಿ ಹಿಡಿದ ಪುಸ್ತಕದಲ್ಲಿ ಒಂದೂವರೆ ಮಿಲಿಮೀಟರ್ ಉದ್ದದ ಗೀಟು ಕಂಡಂತೆ. ನಾಣ್ಯವಾದರೆ ಚುಕ್ಕೆಗಿಂತ ಕಡೆ. ಆದ್ದರಿಂದ ಜಾದೂ ಬೇಕೆಂದಾದರೆ ‘ಜಾದೂ ಮಾಡುತ್ತೀರಾ?’ ಎಂದು ಕೇಳಬೇಡಿ. ‘ನಿಮ್ಮ ಆಟಗಳಲ್ಲಿ ಎಷ್ಟು ಆಟದ ಸಾಮಾನು ಎರಡು ಕೈ ಚಾಚಿದಷ್ಟು ದೊಡ್ಡವು?’ ಎಂದು ಕೇಳಿ. ಹಗ್ಗ, ಬಟ್ಟೆ, ದೊಡ್ಡ ಬಳೆಗಳು, ಪೆಟ್ಟಿಗೆ, ಮಾಯವಾಗುವ ಮನುಷ್ಯ ಇವೆಲ್ಲ ಐನೂರು ಜನಕ್ಕೆ ಆಗುತ್ತವೆ. ಎಲೆ, ನಾಣ್ಯ, ಉಂಗುರ ನಲವತ್ತು ಮಕ್ಕಳ ಒಂದು ತರಗತಿಗೆ. ಕ್ಯಾಮೆರಾ ಹಾಕಿ ಪರದೆಯ ಮೇಲೆ ತೋರಿಸುತ್ತೇವೆ ಎನ್ನುವವರಿದ್ದಾರೆ. ಕತ್ತಲಾದ ಮೇಲೆ ಒಪ್ಪಬಹುದು. ಹಗಲಿನಲ್ಲಿ ಪ್ರೊಜೆಕ್ಟರಿನ ಚಿತ್ರ ಹಾಲಿನಲ್ಲಿ ಅದ್ದಿದ ಹಾಗಿರುತ್ತದೆ.

ಜಾದೂವಿಗೆ ಇನ್ನೊಂದು ಕಟ್ಟುಪಾಡು ಕೋನದ್ದು. ಎಷ್ಟೋ ಆಟಗಳು ಎದುರಿನಿಂದ ನೋಡಿದರೆ ಮಾತ್ರ ಜಾದೂ, ಪಕ್ಕದಿಂದ ನೋಡಿದರೆ ಗುಟ್ಟು. ಮಕ್ಕಳನ್ನು ವೇದಿಕೆಯ ಮೂರು ಕಡೆ ಕೂರಿಸುವ ಶಾಲೆಯಲ್ಲಿ, ಹಿಂದೆ ಕಾರಿಡಾರಿನ ಕಿಟಕಿಗಳಿರುವಲ್ಲಿ, ಮಹಡಿಯಿಂದ ಹತ್ತನೇ ತರಗತಿಯವರು ಇಣುಕುವಲ್ಲಿ ಜಾದೂಗಾರರು ಒಳ್ಳೆಯ ಆಟಗಳನ್ನೆಲ್ಲ ಪೆಟ್ಟಿಗೆಯಲ್ಲೇ ಬಿಡುತ್ತಾರೆ. ನಿಮಗೆ ಸಿಗುವುದು ಉಳಿದದ್ದು. ತಪ್ಪು ಅವರದಲ್ಲ.

ಜಾಗ ಹೇಗಿದ್ದರೂ ಹೊಂದಿಕೊಳ್ಳುವುದು ಚೆಂಡುಗಳನ್ನು ಎಸೆದು ಹಿಡಿಯುವ ಜಗ್ಲಿಂಗ್, ದೊಂಬರಾಟದಂಥ ದೇಹದ ಕಲೆ. ಮಾತು ಬೇಡ, ವಯಸ್ಸಿನ ಹಂಗಿಲ್ಲ, ಚೆಂಡು ತಲೆಯ ಮೇಲೆ ಹಾರುವುದರಿಂದ ಕೊನೆಯ ಸಾಲಿಗೂ ಕಾಣುತ್ತದೆ, ಹಗಲಿಗೂ ಸರಿ. ನಾವು ಸಂಕೋಚವಿಲ್ಲದೆ ಮೊದಲ ಮತ ಕೊಡುವುದು ಇದಕ್ಕೇ. ಆದರೆ ಮೇಲೆ ನೋಡಿ. ಸಭಾಂಗಣವಾದರೆ ಫ್ಯಾನು ಇರುತ್ತದೆ. ಐದು ಚೆಂಡು ಅಥವಾ ಕೋಲುಗಳನ್ನು ಎಸೆಯುವವರಿಗೆ ವೇದಿಕೆಯ ಹಲಗೆಯಿಂದ ಸಾಮಾನ್ಯವಾಗಿ 4 ಮೀಟರಿನಷ್ಟು ತೆರವು ಬೇಕು. ಅಂದರೆ ವೇದಿಕೆ ಎತ್ತರಿಸಿದಷ್ಟೂ ಆ ತೆರವು ಕಡಿಮೆಯಾಗುತ್ತದೆ. ಬಯಲಿನಲ್ಲಿ ಶತ್ರು ಗಾಳಿ, ಅದಕ್ಕಿಂತ ದೊಡ್ಡ ಶತ್ರು ಸೂರ್ಯ. ಮೇಲೆ ನೋಡುತ್ತಲೇ ಹಿಡಿಯಬೇಕಾದವರ ಕಣ್ಣಿಗೆ ಸಂಜೆ ಬಿಸಿಲು ಹೊಡೆದರೆ ಪ್ರತಿ ಎರಡನೇ ಚೆಂಡು ನೆಲಕ್ಕೆ. ಅವರನ್ನು ಉಳಿಸಲು ವೇದಿಕೆ ತಿರುಗಿಸಿದರೆ ಐನೂರು ಮಕ್ಕಳ ಕಣ್ಣಿಗೆ ಬಿಸಿಲು. ವೇದಿಕೆಯನ್ನು ಮೈದಾನದ ಉತ್ತರ ಅಥವಾ ದಕ್ಷಿಣದ ತುದಿಯಲ್ಲಿಟ್ಟರೆ ಬೆಳಗ್ಗೆ, ಸಂಜೆ ಎರಡೂ ಹೊತ್ತು ಬಿಸಿಲು ಪಕ್ಕದಿಂದ ಬೀಳುತ್ತದೆ. ಹೆಚ್ಚಿನ ಮೈದಾನಗಳಲ್ಲಿ ಧ್ವಜಸ್ತಂಭವನ್ನು ನೋಡಿ ವೇದಿಕೆ ಹಾಕುತ್ತಾರೆ, ಸೂರ್ಯನನ್ನು ನೋಡಿ ಅಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಕಲಾವಿದರ ಮೇಲೆ ಪ್ರಯೋಗಿಸುವ ಮುನ್ನ ನೆಲವನ್ನೂ ಒಮ್ಮೆ ನೋಡಿಬಿಡಿ. ಎಷ್ಟೋ ಸಲ ಅದು ನಿಜಕ್ಕೂ ಡೊಂಕಾಗಿರುತ್ತದೆ. ತರಗತಿಯ ಮೇಜುಗಳನ್ನು ಕೂಡಿಸಿ ಮೇಲೆ ಜಮಖಾನ ಹಾಸಿದ್ದು ವೇದಿಕೆಯಲ್ಲ. ಭಾಷಣಕ್ಕೆ ನಡೆದೀತು; ಯಾರಾದರೂ ಹಾರಿದರೆ ಮೇಜುಗಳು ಒಂದೊಂದು ಕಡೆ ಜಾರುತ್ತವೆ, ನಡುವಿನ ಸಂದು ಜಮಖಾನದ ಅಡಿ ಕಾಣುವುದಿಲ್ಲ, ಕಾಲು ಅಲ್ಲೇ ಇಳಿಯುತ್ತದೆ. ಒಂಟಿ ಚಕ್ರದ ಸೈಕಲ್ಲು, ಪಿರಮಿಡ್, ನೃತ್ಯ ಯಾವುದಿದ್ದರೂ ಒಂದೇ ಚೌಕಟ್ಟಿಗೆ ಬಿಗಿದ ಹಲಗೆ ಬೇಕು. ಅದು ಆಗದಿದ್ದರೆ ಗಟ್ಟಿ ನೆಲದ ಮೇಲೇ ಆಡಿಸಿ, ಮಕ್ಕಳನ್ನು ಸುತ್ತ ಅರ್ಧವೃತ್ತದಲ್ಲಿ ಐದಾರು ಸಾಲಿನಲ್ಲಿ ಕೂರಿಸಿ, ಎರಡು ಬಾರಿ ಪ್ರದರ್ಶನ ಮಾಡಿಸಿ. ಐನೂರು ಮಕ್ಕಳಿಗೆ ಒಂದು ಸಲ ತೋರಿಸುವುದಕ್ಕಿಂತ ಇನ್ನೂರೈವತ್ತರಂತೆ ಎರಡು ಸಲ ತೋರಿಸುವುದು ಯಾವಾಗಲೂ ಮೇಲು. ಹೆಚ್ಚಿನ ಕಲಾವಿದರು ಎರಡನೇ ಪ್ರದರ್ಶನಕ್ಕೆ ದುಪ್ಪಟ್ಟು ಕೇಳುವುದಿಲ್ಲ. ಬಂದು ಹೋಗುವ, ಹರಡಿ ಕಟ್ಟುವ ಶ್ರಮ ಒಂದೇ ಸಲದ್ದು.

ಮಾತನಾಡುವ ಗೊಂಬೆಯ ಆಟವನ್ನು ಸಮಿತಿಗಳು ಯಾಕೋ ಶಿಶುವಿಹಾರಕ್ಕೆ ಸೀಮಿತ ಎಂದುಕೊಂಡಿವೆ. ಒಬ್ಬರೇ ಬರುತ್ತಾರೆ, ಒಂದು ಕುರ್ಚಿ ಮತ್ತು ಒಂದು ಮೈಕು ಸಾಕು, ಹತ್ತು ನಿಮಿಷದಲ್ಲಿ ಸಿದ್ಧ, ಶಾಲೆಯ ಮಾತುಗಳನ್ನು ಅಲ್ಲೇ ಸೇರಿಸಬಲ್ಲರು. ಧ್ವನಿ ಸ್ಪೀಕರಿನಿಂದ ಬಂದರೂ ಗೊಂಬೆಯ ಬಾಯಿ ಆಡುವುದರಿಂದ ಅಲ್ಲಿಂದಲೇ ಬಂತೆನಿಸುತ್ತದೆ. ಕಣ್ಣು ಕಿವಿಯನ್ನು ಎಳೆದೊಯ್ಯುತ್ತದೆ. ಇದು ಕೆಡುವುದು ಒಂದೇ ಕಡೆ. ಗೊಂಬೆಯ ಮಾತನ್ನು ಕಲಾವಿದರು ತುಟಿ ಆಡಿಸದೆ ಆಡಬೇಕು, ಆದರೆ ಪ, ಬ, ಮ ತುಟಿ ಮುಚ್ಚದೆ ಬರುವ ಅಕ್ಷರಗಳಲ್ಲ. ಗೊಂಬೆಯ ದನಿಯಲ್ಲಿ ಅವಕ್ಕೆ ಬದಲಾಗಿ ನಾಲಗೆಯಿಂದ ತ, ದ, ನ ಹತ್ತಿರದ ಸದ್ದು ಹೊರಡಿಸುತ್ತಾರೆ. ‘ಮಾಮ’ ಎಂಬುದು ‘ನಾನ’ ಎಂಬಂತೆ ಹೊರಟರೂ ವಾಕ್ಯದ ಅರ್ಥದಿಂದ ನಮ್ಮ ಕಿವಿ ಅದನ್ನು ತಿದ್ದಿಕೊಳ್ಳುತ್ತದೆ. ಗುಂಯ್‌ಗುಡುವ ಸಭಾಂಗಣದಲ್ಲಿ ವಾಕ್ಯವೇ ತಿಳಿಯದ ಕಾರಣ ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ. ಕೈ ತಟ್ಟಿದರೆ ಸದ್ದು ಒಂದೆರಡು ಸೆಕೆಂಡು ಸುತ್ತುವ ಹಾಲ್ ನಿಮ್ಮದಾದರೆ ಗೊಂಬೆಯ ಆಟ, ಮಿಮಿಕ್ರಿ, ಹಾಸ್ಯ ಭಾಷಣ ಮೂರನ್ನೂ ಬಿಡಿ, ಮೂಕಾಭಿನಯ ಅಥವಾ ಜಗ್ಲಿಂಗ್ ಹಿಡಿಯಿರಿ. ಮಕ್ಕಳು ತುಂಬಿದ ಮೇಲೆ ಗುಂಯ್‌ ಸ್ವಲ್ಪ ಇಳಿಯುತ್ತದೆ ನಿಜ, ಮೈ ಮತ್ತು ಬಟ್ಟೆ ಸದ್ದನ್ನು ಹೀರುತ್ತವೆ. ಗೋಡೆಗೆ ದಪ್ಪ ಬಟ್ಟೆ ಇಳಿಬಿಟ್ಟರೆ ಇನ್ನೂ ಸ್ವಲ್ಪ. ಪವಾಡ ಆಗುವುದಿಲ್ಲ.

ನೆರಳಾಟಕ್ಕೆ ಕತ್ತಲು ಬೇಕು, ಅಷ್ಟೇ. ಬೆಳಗ್ಗೆ ಹನ್ನೊಂದಕ್ಕೆ ಇಟ್ಟುಕೊಳ್ಳಬೇಡಿ. ದೀಪ ನೀವೇ ಕೊಡುವುದಾದರೆ ಒಂದೇ ಬಿಂದುವಿನ ದೀಪ ಕೊಡಿ. ಹತ್ತಾರು ಎಲ್‌ಇಡಿ ಕಾಳುಗಳಿರುವ ಫ್ಲಡ್‌ಲೈಟ್ ಇಟ್ಟರೆ ಒಂದೊಂದು ಕಾಳೂ ಒಂದೊಂದು ನೆರಳು ಹಾಕಿ ಅಂಚೆಲ್ಲ ಕಲಸಿಹೋಗುತ್ತದೆ.

ವಾದ್ಯವೃಂದದ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಅದಕ್ಕೆ ಎಂಟರಿಂದ ಹದಿನಾರು ಮೈಕು, ಮಕ್ಕಳು ಬರುವ ಮುಂಚೆ ಒಂದು ಗಂಟೆಯ ಸೌಂಡ್ ಚೆಕ್ ಬೇಕು. ಮುಂದಿನ ಸಾಲಿನ ಕಿವಿಗಳ ವಿಷಯವೂ ಇದೆ. 85 ಡೆಸಿಬೆಲ್ ಎಂಟು ಗಂಟೆ ತಾಳಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ ಬರೀ ಹದಿನೈದು ನಿಮಿಷ. ಇದು ದೊಡ್ಡವರ ಕಾರ್ಖಾನೆ ಕೆಲಸಕ್ಕೆ ಹಾಕಿಕೊಂಡ ಲೆಕ್ಕ, ಚಿಕ್ಕವರಿಗೆ ಇನ್ನೂ ಕಡಿಮೆಯೇ ಇರಲಿ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ 3 ಮೀಟರಿನ ಮಗುವಿಗೂ 19 ಮೀಟರಿನ ಮಗುವಿಗೂ ನಡುವೆ 16 ಡೆಸಿಬೆಲ್ ಅಂತರ. ಹಿಂದಿನವರಿಗೆ ಕೇಳಲಿ ಎಂದು ಜೋರು ಮಾಡಿದರೆ ಮುಂದಿನವರು ಕಿವಿ ಮುಚ್ಚುತ್ತಾರೆ. ಮದ್ದು ಎರಡು. ಸ್ಪೀಕರನ್ನು ನೆಲದ ಮೇಲಿಡದೆ ಎರಡೂವರೆ ಮೀಟರ್ ಸ್ಟ್ಯಾಂಡಿಗೆ ಏರಿಸಿ ಹಿಂದಿನ ಸಾಲುಗಳ ಕಡೆ ಮುಖ ಬಗ್ಗಿಸುವುದು ಒಂದು. ಅರ್ಧ ದಾರಿಯಲ್ಲಿ ಇನ್ನೊಂದು ಜೋಡಿ ಸ್ಪೀಕರ್ ಇಡುವುದು ಇನ್ನೊಂದು. ಆ ಎರಡನೇ ಜೋಡಿ 12 ಮೀಟರ್ ಮುಂದಿದ್ದರೆ ಅದರ ಸದ್ದನ್ನು ಸುಮಾರು 35 ಮಿಲಿಸೆಕೆಂಡು ತಡಮಾಡಿ ಕಳಿಸಬೇಕು, ವೇದಿಕೆಯ ಸದ್ದು ಗಾಳಿಯಲ್ಲಿ ಬರಲು ಅಷ್ಟು ಹೊತ್ತು ಬೇಕು. ಇಲ್ಲದಿದ್ದರೆ ಹಿಂದಿನವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ‘ಡಿಲೇ ಹಾಕುತ್ತೀರಾ?’ ಎಂದು ಸೌಂಡಿನವರನ್ನು ಕೇಳಿ. ಉತ್ತರದಲ್ಲೇ ಅವರ ಕೆಲಸ ಗೊತ್ತಾಗುತ್ತದೆ.

ಮೈಕು ಕೂಗುವುದಕ್ಕೆ ಕಾರಣ ಹೆಚ್ಚಿನ ಸಲ ಯಂತ್ರವಲ್ಲ, ಕೈ. ಮೈಕಿನ ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ ಅದು ಎಲ್ಲ ಕಡೆಯ ಸದ್ದನ್ನೂ ಹೀರತೊಡಗಿ ಸ್ಪೀಕರಿನದನ್ನೇ ತಿರುಗಿ ನುಂಗುತ್ತದೆ. ಹಿಡಿ ಹಿಡಿದು, ಬಾಯಿಂದ ನಾಲ್ಕು ಬೆರಳಿನ ದೂರದಲ್ಲಿ, ಸ್ಪೀಕರುಗಳ ಸಾಲಿನಿಂದ ಹಿಂದೆ ನಿಂತು ಮಾತನಾಡಬೇಕು. ನಿರೂಪಣೆ ಮಾಡುವ ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ಹೇಳಿಕೊಡಿ, ಎರಡು ನಿಮಿಷ ಸಾಕು.

ಕಲಾವಿದರಿಂದ ವಿಡಿಯೊ ತರಿಸಿಕೊಳ್ಳುವಾಗ ಹಾಡು ಹಾಕಿ ಕತ್ತರಿಸಿ ಜೋಡಿಸಿದ ಮೂರು ನಿಮಿಷದ್ದನ್ನು ನೋಡಿ ತೀರ್ಮಾನಿಸಬೇಡಿ. ಅದು ಮುಂದಿನ ಸಾಲಿನಲ್ಲಿ, ಕ್ಯಾಮೆರಾ ಹತ್ತಿರ ಎಳೆದು ತೆಗೆದದ್ದು. ‘ಸಭೆಯ ಹಿಂದಿನಿಂದ, ಒಂದೇ ಓಟದಲ್ಲಿ, ಮಕ್ಕಳ ಸದ್ದಿನ ಸಮೇತ ತೆಗೆದ ಹತ್ತು ನಿಮಿಷ ಕಳಿಸಿ’ ಎನ್ನಿ. ಮಕ್ಕಳ ಸದ್ದನ್ನು ಕೇಳುತ್ತ ನೋಡಿ. ನಗು ಬರುವುದು ಎಷ್ಟು ನಿಮಿಷಕ್ಕೊಮ್ಮೆ, ನಡುವೆ ಗುಸುಗುಸು ಏಳುವುದು ಎಲ್ಲಿ ಎಂಬುದೆಲ್ಲ ತಿಳಿಯುತ್ತದೆ.

ಫೋನಿನಲ್ಲಿ ಕೇಳಲೇಬೇಕಾದವು: ಅಗಲ, ಆಳ, ಎತ್ತರ ಎಷ್ಟು ಬೇಕು, ಹರಡಲು ಎಷ್ಟು ಹೊತ್ತು, ಕಟ್ಟಲು ಎಷ್ಟು, ಕೈಮೈಕೋ ಕಾಲರ್ ಮೈಕೋ, ವಿದ್ಯುತ್ತು ಎಷ್ಟು ವ್ಯಾಟ್ ಎಳೆಯುತ್ತದೆ, ಎಷ್ಟು ಮಂದಿ ಬರುತ್ತಾರೆ, ವೇಷ ಬದಲಿಸಲು ಬಾಗಿಲಿರುವ ಕೋಣೆ ಬೇಕೇ, ಬೆಂಕಿ, ಕತ್ತಿ, ಪ್ರಾಣಿ, ಹೊಗೆ, ಬಲೂನು ಇವುಗಳಲ್ಲಿ ಯಾವುದಿದೆ, ಮಕ್ಕಳನ್ನು ವೇದಿಕೆಗೆ ಕರೆಯುತ್ತಾರೆಯೇ, ಮಳೆ ಬಂದರೆ, ಹುಷಾರು ತಪ್ಪಿದರೆ ಏನು, ಮುಂಗಡ ಏನಾಗುತ್ತದೆ. ಉತ್ತರಗಳನ್ನು ಅದೇ ದಿನ ಬರಹದಲ್ಲಿ ಕಳಿಸಿ ‘ಸರಿ’ ಅನ್ನಿಸಿಕೊಳ್ಳಿ. ಈ ಪ್ರಶ್ನೆಗಳಿಗೆ ಸಿಡುಕುವವರು ಹಬ್ಬದ ದಿನವೂ ಸಿಡುಕುತ್ತಾರೆ.

ವೇದಿಕೆಗೆ ಮಕ್ಕಳನ್ನು ಕರೆಯುವ ಹೊತ್ತು ಇಡೀ ಕಾರ್ಯಕ್ರಮದಲ್ಲೇ ಸೂಕ್ಷ್ಮವಾದದ್ದು. ‘ಯಾರು ಬರುತ್ತೀರಿ?’ ಎಂದು ಕಲಾವಿದರು ಕೂಗಿದರೆ ನೂರು ಮಂದಿ ಮೆಟ್ಟಿಲಿಗೆ ನುಗ್ಗುತ್ತಾರೆ. ಆರು ಮಕ್ಕಳನ್ನು ಮೊದಲೇ ಆರಿಸಿ, ಅವರ ಒಪ್ಪಿಗೆ ಕೇಳಿ, ಮೆಟ್ಟಿಲ ಬಳಿ ಒಬ್ಬ ಶಿಕ್ಷಕಿಯ ಜೊತೆ ಕೂರಿಸಿ. ಮೆಟ್ಟಿಲಿಗೆ ಹಿಡಿಗಂಬಿ ಇರಲಿ. ದಪ್ಪಗಿರುವವರು, ತೊದಲುವವರು, ಕಪ್ಪಗಿರುವವರು ಎಂದು ಆರಿಸಿ ನಗಿಸುವ ಹಾಸ್ಯಗಾರರು ಈಗಲೂ ಇದ್ದಾರೆ. ಐನೂರು ಮಂದಿ ಒಂದು ನಿಮಿಷ ನಗುತ್ತಾರೆ, ಆ ಮಗುವಿನ ಅಡ್ಡಹೆಸರು ಶಾಲೆ ಬಿಡುವ ತನಕ ಉಳಿಯುತ್ತದೆ. ಮೈಬಣ್ಣ, ಮೈಕಟ್ಟು, ಜಾತಿ, ಊರಿನ ಉಚ್ಚಾರ, ಅಂಗವೈಕಲ್ಯ ಇವುಗಳ ಮೇಲೆ ಒಂದೂ ನಗೆಮಾತು ಬೇಡ ಎಂದು ಒಪ್ಪಂದದಲ್ಲೇ ಬರೆಯಿರಿ. ಮಿಮಿಕ್ರಿಯವರಿಗಂತೂ ಖಂಡಿತ.

ಅಪಾಯದ ವಿಷಯದಲ್ಲಿ ನಮ್ಮದು ಹಳೇ ಕಾಲದವರ ಹಟ ಎನಿಸಿದರೂ ಸರಿ. ವಿಜ್ಞಾನ ಪ್ರದರ್ಶನದಲ್ಲಿ ಬಿಳಿ ಹೊಗೆ ಹರಿಸಲು ತರುವ ಒಣ ಮಂಜುಗಡ್ಡೆ -78.5 ಡಿಗ್ರಿ ಸೆಲ್ಸಿಯಸ್ಸಿನದು. ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ವೇದಿಕೆಯ ಅಂಚಿನಿಂದ ಇಳಿದು ನೆಲದ ಮೇಲೆ ಕೂತ ಮುಂದಿನ ಸಾಲಿನ ಮೂಗಿಗೇ ಬರುತ್ತದೆ. ಕಿಟಕಿ ತೆರೆದಿರಲಿ, ಮುಂದಿನ ಸಾಲು ಹಿಂದಕ್ಕಿರಲಿ, ಅದನ್ನು ಮುಚ್ಚಳ ಬಿಗಿದ ಬಾಟಲಿಗೆ ಯಾರೂ ಹಾಕದಿರಲಿ, ಸಿಡಿಯುತ್ತದೆ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಫಳಫಳಿಸುವ ದೀಪ ಬೇಡವೇ ಬೇಡ. ಕೆಲವು ಮಕ್ಕಳಿಗೆ ಅದರಿಂದ ಅಪಸ್ಮಾರ ಕೆರಳಬಹುದು, ಮೊದಲ ಸಲ ಕೆರಳುವವರೆಗೆ ಮನೆಯವರಿಗೂ ಗೊತ್ತಿರದೆ ಇರಬಹುದು. ಹೊಗೆಯಂತ್ರ ಹಲಗೆಯನ್ನು ಜಾರಿಸುತ್ತದೆ, ಹಾಲ್‌ನ ಹೊಗೆ ಎಚ್ಚರಿಕೆ ಗಂಟೆಯನ್ನೂ ಬಾರಿಸುತ್ತದೆ. ಸಾಬೂನಿನ ಗುಳ್ಳೆ ಚೆಂದ, ಆದರೆ ಅದಾದ ಮೇಲೆ ಅದೇ ನೆಲದ ಮೇಲೆ ನೃತ್ಯ ಇಟ್ಟುಕೊಳ್ಳಬೇಡಿ. ಒಡೆದ ಬಲೂನಿನ ಚೂರು ಪುಟ್ಟ ಮಕ್ಕಳ ಗಂಟಲಿಗೆ ಅಂಟಿಕೊಳ್ಳುತ್ತದೆ, ಕೂಡಲೇ ಗುಡಿಸಿ. ಬೆಂಕಿ ಉಗುಳುವ ಆಟ ಮತ್ತು ಮಕ್ಕಳ ಮೇಲೆ ಸಂಮೋಹನ, ಇವೆರಡಕ್ಕೆ ಶಾಲೆಯಲ್ಲಿ ಜಾಗವಿಲ್ಲ.

ಹೊತ್ತಿನ ಮಾತು. ಒಂದರಿಂದ ಮೂರನೇ ತರಗತಿಗೆ 20–25 ನಿಮಿಷ, ದೊಡ್ಡವರಿಗೆ 40–45. ಎಲ್ಲರೂ ಒಟ್ಟಿಗಿದ್ದರೆ ಅರ್ಧ ಗಂಟೆಗೆ ನಿಲ್ಲಿಸಿ. ಒಂದೂವರೆ ಗಂಟೆಯ ಪ್ಯಾಕೇಜ್ ಅದೇ ಹಣಕ್ಕೆ ಸಿಗುತ್ತದೆ ಎಂದು ಹಿಗ್ಗಿ ತೆಗೆದುಕೊಂಡರೆ ಕೊನೆಯ ಅರ್ಧ ಗಂಟೆ ಮಕ್ಕಳು ಚಪ್ಪಲಿ ಹುಡುಕುತ್ತಿರುತ್ತಾರೆ. ಹೆಚ್ಚು ಸಾಮಾನು ಹರಡಬೇಕಾದ ಕಾರ್ಯಕ್ರಮವನ್ನು ಪರದೆಯ ಹಿಂದೆ ಮೊದಲೇ ಹರಡಿಸಿ, ಭಾಷಣ, ಬಹುಮಾನಗಳನ್ನು ಪರದೆಯ ಮುಂದೆ ಮುಗಿಸಿ; ಪರದೆ ಸರಿದರೆ ಆಟ ಶುರು. ನಡುವೆ ಇಪ್ಪತ್ತು ನಿಮಿಷ ಖಾಲಿ ಬಿದ್ದರೆ ಎಂಥ ಕಲಾವಿದರೂ ಆ ಗದ್ದಲವನ್ನು ಮತ್ತೆ ಅಡಗಿಸಲಾರರು. ಭಾಷಣಗಳ ಉದ್ದದ ಬಗ್ಗೆ ನಾವು ಏನೂ ಹೇಳುವುದಿಲ್ಲ; ಅದು ನಮ್ಮ ಕೈ ಮೀರಿದ ವಿಷಯ.

ವಿದ್ಯುತ್ತಿಗೆ ಎರಡೇ ಮಾತು. ದೀಪಕ್ಕೆ ಒಂದು ಲೈನು, ಧ್ವನಿಗೆ ಇನ್ನೊಂದು. ಒಂದರಲ್ಲೇ ಎರಡನ್ನೂ ಹಾಕಿದರೆ ಸ್ಪೀಕರಿನಲ್ಲಿ ಜುಂಯ್ ಎಂಬ ಸದ್ದು ಸೇರಬಹುದು, ಫ್ಯೂಸ್ ಹೋದರೆ ಕತ್ತಲೂ ಮೌನವೂ ಜೊತೆಗೇ ಬರುತ್ತವೆ. ಸುರುಳಿ ಸುತ್ತಿದ ಉದ್ದ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಒಳಗೆ ಕಾವು ಸೇರಿ ಹೊದಿಕೆ ಕರಗಬಹುದು. ಹಾಡು ಮೊಬೈಲಿನಿಂದ ಹೋಗುವುದಾದರೆ ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಅಂತಿಮ ಸಾಹಸದ ನಡುವೆ ಯಾರದೋ ಸೋದರತ್ತೆಯ ಕರೆ ಇಡೀ ಮೈದಾನಕ್ಕೆ ಕೇಳುತ್ತದೆ. ಪೆನ್‌ಡ್ರೈವಿನಲ್ಲಾದರೆ 01, 02 ಎಂದು ಕ್ರಮವಾಗಿ ಹೆಸರಿಟ್ಟು ಎರಡು ಪ್ರತಿ ಇರಲಿ.

ಮುಂದಿನ ಸಭೆಗೆ ಮುನ್ನ ಇಷ್ಟು ಮಾಡಿ. ಅಳತೆ ಪಟ್ಟಿ ಹಿಡಿದು ಕಾರ್ಯಕ್ರಮ ನಡೆಯುವ ಹೊತ್ತಿಗೇ ಅಂಗಳಕ್ಕೆ ಹೋಗಿ. ಕೊನೆಯ ಸಾಲು ಬರುವ ಕಡೆ ಸಮಿತಿಯ ಒಬ್ಬರು ನೆಲದ ಮೇಲೆ ಕೂರಲಿ, ಅವರ ಮುಂದೆ ಒಂದು ತರಗತಿಯ ಮಕ್ಕಳು ಸಾಲಾಗಿ ಕೂರಲಿ. ವೇದಿಕೆಯ ಜಾಗದಲ್ಲಿ ಇನ್ನೊಬ್ಬರು ನಿಂತು ಸೊಂಟದ ಮಟ್ಟದಲ್ಲಿ ಬೆರಳು ತೋರಿಸಲಿ. ಎಷ್ಟು ಬೆರಳೆಂದು ಹೇಳಲಾಗುತ್ತದೆಯೇ? ಕೈ ತಟ್ಟಿದರೆ ಸದ್ದು ಎಷ್ಟು ಹೊತ್ತು ಉಳಿಯುತ್ತದೆ? ಬಿಸಿಲು ಯಾರ ಮುಖಕ್ಕೆ? ತಲೆಯ ಮೇಲೆ ಏನಿದೆ? ಇದನ್ನೆಲ್ಲ ಬರೆದುಕೊಂಡ ಕಾಗದವನ್ನು ಮುಂದಿಟ್ಟುಕೊಂಡು ಫೋನ್ ಹಚ್ಚಿ.

ಇಂತಿ,
ವೇದಿಕೆ, ಧ್ವನಿ, ಬೆಳಕಿನ ಕೆಲಸದವರು

ಮರೆತ ಮಾತು: ಸಭಾಂಗಣದ ಫ್ಯಾನುಗಳ ಸ್ವಿಚ್ಚು ಯಾವ ಕೋಣೆಯಲ್ಲಿದೆ, ಆ ಕೋಣೆಯ ಬೀಗದ ಕೈ ಯಾರ ಬಳಿ ಎಂಬುದನ್ನೂ ಅದೇ ಕಾಗದದ ಮೇಲೆ ಬರೆಯಿರಿ.